ಗಂಟು ಕೈಗೆ ಸಿಕ್ಕರೂ ಆಪರೇಷನ್ ಯಾಕೆ ಬೇಡ?

"ಡಾಕ್ಟ್ರೇ, ಗಂಟು ಇನ್ನೂ ಇದೆ ಅಂತೀರಿ, ಆಪರೇಷನ್ ಮಾತ್ರ ಈಗ ಬೇಡ ಅಂತೀರಲ್ಲ?" ಗುದದ್ವಾರದ ಕ್ಯಾನ್ಸರಿಗೆ ರೇಡಿಯೇಷನ್ ಮುಗಿಸಿ ಬಂದವರ ಮನೆಯವರು ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗಂಟು ಕಂಡರೆ ಸರ್ಜನ್‌ಗಳ ಕೈಯೂ ಸುಮ್ಮನಿರುವುದಿಲ್ಲ.

1970ರ ದಶಕದವರೆಗೆ ಹೆಚ್ಚಿನವರಿಗೆ ಇದ್ದ ದಾರಿ ಒಂದೇ. ಗುದದ್ವಾರವನ್ನೂ ಗುದನಾಳವನ್ನೂ ಪೂರ್ತಿ ತೆಗೆದು, ಆ ಜಾಗ ಹೊಲಿದು, ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸುವುದು. ಅಮೆರಿಕದ ಡೆಟ್ರಾಯಿಟ್‌ನ ಸರ್ಜನ್ ನಾರ್ಮನ್ ನಿಗ್ರೋ, ಆಪರೇಷನ್‌ಗೆ ಮೊದಲು ಗಂಟು ಕುಗ್ಗಲಿ ಎಂದು ಕಿಮೊ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟು ನೋಡಿದರು. 1974ರಲ್ಲಿ ಮೂವರ ವಿವರ ಪ್ರಕಟಿಸಿದರು. ಇಬ್ಬರಿಂದ ಕೊಯ್ದು ತೆಗೆದ ಭಾಗದಲ್ಲಿ ಹುಡುಕಿದರೂ ಕ್ಯಾನ್ಸರ್ ಇರಲಿಲ್ಲ. ಮೂರನೆಯವರು ಆಪರೇಷನ್ ಒಲ್ಲೆ ಎಂದರು. ಅವರಲ್ಲೂ ರೋಗ ಮರಳಿರಲಿಲ್ಲ. ಚಿಕಿತ್ಸೆಯ ದಿಕ್ಕು ಬದಲಾದದ್ದರಲ್ಲಿ ಆ ಹಟಕ್ಕೂ ಒಂದು ಪಾಲಿದೆ ಎನ್ನುವುದು ನನ್ನ ಅನಿಸಿಕೆ. ಇವತ್ತು ಈ ಕ್ಯಾನ್ಸರಿಗೆ ಕಿಮೊ-ರೇಡಿಯೇಷನ್ನೇ ಮೊದಲ ಚಿಕಿತ್ಸೆ, ಸುಮಾರು ಐದೂವರೆ ವಾರ.

ಕಷ್ಟ ಇರುವುದು ಆಮೇಲೆ. ತಪಾಸಣೆಗೆ ಬಂದಾಗ ಗ್ಲೌಸ್ ಹಾಕಿದ ಬೆರಳಿಗೆ ಗಟ್ಟಿಯಾದ ಅಂಚೊಂದು ತಾಗುತ್ತದೆ. ಉಳಿದ ಕ್ಯಾನ್ಸರೋ, ಮಾಯುತ್ತಿರುವ ಗಾಯದ ಕಲೆಯೋ ಬೆರಳಿಗೆ ತಿಳಿಯದು. ಒಂದು ಚೂರು ಬಯಾಪ್ಸಿಗೆ ಕಳಿಸೋಣವೆಂದರೆ, ರೇಡಿಯೇಷನ್ ಬಿದ್ದ ಜಾಗ ಸುಲಭಕ್ಕೆ ಮಾಯುವುದಿಲ್ಲ; ನಾವು ಮಾಡಿದ ಗಾಯವೇ ತಿಂಗಳುಗಟ್ಟಲೆ ಕಾಡಬಹುದು.

ಇಲ್ಲಿ ನಮ್ಮ ಕೈ ಹಿಡಿದದ್ದು ಬ್ರಿಟನ್ನಿನಲ್ಲಿ 940 ರೋಗಿಗಳ ಮೇಲೆ ನಡೆದ 'ಆ್ಯಕ್ಟ್ 2' ಅಧ್ಯಯನ. ಚಿಕಿತ್ಸೆ ಶುರುವಾಗಿ 11ನೇ ವಾರಕ್ಕೆ ಗಂಟು ಪೂರ್ತಿ ಹೋಗದವರನ್ನು ಕೊಯ್ಯದೆ ನೋಡುತ್ತಾ ಬಂದರು. ಅಂಥ 209 ಜನರಲ್ಲಿ 151 ಮಂದಿಗೆ 26ನೇ ವಾರದ ಹೊತ್ತಿಗೆ ಅದು ಪೂರ್ತಿ ಮಾಯವಾಗಿತ್ತು. 11ನೇ ವಾರಕ್ಕೇ ಆತುರಪಟ್ಟಿದ್ದರೆ ಅವರಲ್ಲಿ ಎಷ್ಟು ಜನ ಸುಮ್ಮನೆ ಜೀವಮಾನವಿಡೀ ಚೀಲ ಹೊರುತ್ತಿದ್ದರೋ! ಕಾಯುವುದೆಂದರೆ ಕಣ್ಣುಮುಚ್ಚಿ ಕೂರುವುದಲ್ಲ, ಬಿಡಿ. ನಡುವೆ ಗಂಟು ದೊಡ್ಡದಾದರೆ ಲೆಕ್ಕವೇ ಬೇರೆ. 26 ವಾರದ ನಂತರವೂ ಉಳಿದು ಬಯಾಪ್ಸಿಯಲ್ಲಿ ಖಚಿತವಾದರೆ, ಆಗ ಆ ಹಳೆಯ ದೊಡ್ಡ ಆಪರೇಷನ್ನೇ ಗತಿ.

ನಮ್ಮ ಕಡೆ ಜನ ಕಾಯುವುದು ಕಾಯಬಾರದ ಜಾಗದಲ್ಲಿ. ರಕ್ತ ಬಿದ್ದರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನಾಚಿಕೆಗೆ ಯಾರಿಗೂ ಹೇಳದೆ, ಬೋರ್ಡು ನೋಡಿ ಯಾವುದೋ ಪೈಲ್ಸ್ ಕ್ಲಿನಿಕ್ ಹೊಕ್ಕು ಮುಲಾಮು ತರುತ್ತಾರೆ. ಹೆಚ್ಚಿನ ಸಲ ಅದು ಪೈಲ್ಸೇ ಆಗಿರುತ್ತದೆ, ನಿಜ. ಆದರೆ ಪೈಲ್ಸ್ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಗಟ್ಟಿ ಗಂಟು, ವಾರಗಳಾದರೂ ಮಾಯದ ಹುಣ್ಣು, ತೊಡೆಸಂದಿಯಲ್ಲಿ ಗಡ್ಡೆ ಇದ್ದರೆ ತಡ ಮಾಡಬೇಡಿ. ಬೆರಳಿಟ್ಟು ನೋಡದೆ ಯಾರಾದರೂ ಮುಲಾಮು ಬರೆದುಕೊಟ್ಟರೆ, ಒಮ್ಮೆ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.