ಐಪಿವಿ6 ರಿಯಾಯಿತಿ ನಿಲ್ಲಿಸುವ ಹೊತ್ತು ಯಾವುದು?

ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಅದರ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಎರಡೇ ತಿಂಗಳಲ್ಲಿ, ನಮ್ಮ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ತನ್ನಲ್ಲಿ ಉಳಿದದ್ದನ್ನು ಪಡಿತರದಂತೆ ಅಳೆದು ಕೊಡತೊಡಗಿತು. ಹೊಸ ಪದ್ಧತಿಯಾದ ಐಪಿವಿ6ಗೆ ಮಾತ್ರ ಶುಲ್ಕ ಅಡ್ಡಿಯಾಗದಂತೆ ಅದು ನೋಡಿಕೊಂಡಿದೆ. ಸದಸ್ಯ ಸಂಸ್ಥೆಯ ಎರಡೂ ಬಗೆಯ ವಿಳಾಸಗಳಿಗೆ ಬೇರೆಬೇರೆಯಾಗಿ ಲೆಕ್ಕ ಹಾಕಿ, ಹೆಚ್ಚಿನ ಮೊತ್ತವನ್ನಷ್ಟೇ ಪಡೆಯುವುದರಿಂದ, ಐಪಿವಿ4 ಹೊಂದಿರುವವರಿಗೆ ತಕ್ಕಮಟ್ಟಿನ ಐಪಿವಿ6 ಹೆಚ್ಚುವರಿ ಖರ್ಚಿಲ್ಲದೆ ಸಿಗುತ್ತದೆ. ಇಂಥ ರಿಯಾಯಿತಿ ಎಲ್ಲಿಯವರೆಗೆ ಇರಬೇಕು?

ಎಷ್ಟು ಸಂಸ್ಥೆಗಳು ವಿಳಾಸ ಪಡೆದಿವೆ ಎಂಬ ಎಣಿಕೆಯಿಂದ ಇದಕ್ಕೆ ಉತ್ತರ ಸಿಗದು. ತಾಲ್ಲೂಕು ಕೇಂದ್ರವೊಂದರ ಸಣ್ಣ ಬ್ರಾಡ್‌ಬ್ಯಾಂಡ್ ಸಂಸ್ಥೆಗೆ ನಾನು ಸಲಹೆಗೆಂದು ಹೋದಾಗ, ಐಪಿವಿ6 ಬ್ಲಾಕ್ (ಒಟ್ಟಾಗಿ ಕೊಡುವ ವಿಳಾಸಗಳ ಗುಂಪು) ಕೈಸೇರಿ ಮೂರು ವರ್ಷವಾಗಿದ್ದರೂ ಅದು ಒಂದು ರೂಟರ್‌ಗೂ ಇಳಿದಿರಲಿಲ್ಲ. ಗ್ರಾಹಕರ ಮನೆಯ ರೂಟರ್‌ಗಳು ಹಳೆಯವು, ಬಿಲ್ಲಿಂಗ್ ತಂತ್ರಾಂಶಕ್ಕೆ ಹೊಸ ವಿಳಾಸವನ್ನು ದಾಖಲಿಸಲು ಬಾರದು, ದೂರು ಬಂದರೆ ಉತ್ತರಿಸುವ ಹುಡುಗರಿಗೆ ತರಬೇತಿಯಿಲ್ಲ. ಅಂದು ಆ ಬ್ಲಾಕಿಗೆ ಶುಲ್ಕ ಕೇಳಿದ್ದರೆ ಮಾಲೀಕರು ಅದನ್ನೇ ಹಿಂದಿರುಗಿಸುತ್ತಿದ್ದರು, ಏಕೆಂದರೆ ಗ್ರಾಹಕರೆಲ್ಲ ಇದ್ದದ್ದು ಹಳೆಯದರ ಮೇಲೆ.

ನನ್ನ ಅಳತೆಗೋಲು ಹುಟ್ಟಿದ್ದು ಅಲ್ಲಿಯೇ. ಎರಡನ್ನೂ ನಡೆಸುತ್ತಿರುವ ಸಂಸ್ಥೆ, ಖರ್ಚು ತಗ್ಗಿಸಬೇಕಾಗಿ ಬಂದಾಗ ಹೊಸದನ್ನು ಉಳಿಸಿಕೊಂಡು ಹಳೆಯದನ್ನು ಕಡಿಮೆ ಮಾಡುವ ಸ್ಥಿತಿ ತಲುಪಿದ್ದರೆ, ಅದಕ್ಕೆ ರಿಯಾಯಿತಿ ಇನ್ನು ಬೇಡ.

ದೊಡ್ಡ ಮೊಬೈಲ್ ಜಾಲಗಳು ಈ ಸ್ಥಿತಿಯನ್ನು ಎಂದೋ ತಲುಪಿವೆ. 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಮೊದಲಿನಿಂದಲೂ ಐಪಿವಿ6 ಅನ್ನು ನೆಚ್ಚಿಕೊಂಡದ್ದಕ್ಕೆ ಕಾರಣ ಶುಲ್ಕ ವಿನಾಯಿತಿಯಲ್ಲ, ಅಷ್ಟು ಗ್ರಾಹಕರಿಗೆ ಹಂಚುವಷ್ಟು ಐಪಿವಿ4 ಉಳಿದಿರಲಿಲ್ಲ ಎಂಬುದು. ಕ್ಲೌಡ್ ಬಾಡಿಗೆದಾರರ ಲೆಕ್ಕವೂ ತಿರುಗಿದೆ: 2024ರ ಫೆಬ್ರವರಿ 1ರಿಂದ ಅಮೆಜಾನ್ ವೆಬ್ ಸರ್ವೀಸಸ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್, ಅಂದರೆ ವರ್ಷಕ್ಕೆ ಸುಮಾರು 44 ಡಾಲರ್ ವಿಧಿಸುತ್ತಿದೆ.

ಆದರೆ ಭಾರತದ ಬಳಕೆದಾರರಲ್ಲಿ ಬಹುಪಾಲು ಜನ ಐಪಿವಿ6ಗೆ ಬಂದಿದ್ದಾರೆ ಎಂಬ ಸರಾಸರಿಯನ್ನು ನಂಬಿ ಎಲ್ಲರಿಗೂ ಒಮ್ಮೆಲೇ ರಿಯಾಯಿತಿ ನಿಲ್ಲಿಸುವುದು ತಪ್ಪಾಗುತ್ತದೆ. ಆ ಸರಾಸರಿಯನ್ನು ಎತ್ತಿ ಹಿಡಿದಿರುವುದು ಬೆರಳೆಣಿಕೆಯ ಮೊಬೈಲ್ ಕಂಪನಿಗಳು; ಸಣ್ಣ ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ಮತ್ತು ಕಾಲೇಜುಗಳ ಜಾಲಗಳು ಅದರಲ್ಲಿ ಕಾಣುವುದೇ ಇಲ್ಲ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6 ಸಾಗಿಸಲು ಶಕ್ತವಾಗಿರಬೇಕೆಂದು ದೂರಸಂಪರ್ಕ ಇಲಾಖೆ ಆದೇಶಿಸಿದೆಯಾದರೂ, ಅದಕ್ಕೂ ಹಿಂದೆ ಮನೆಗಳಿಗೆ ಹೋದ ಪೆಟ್ಟಿಗೆಗಳು ಕೆಟ್ಟುಹೋಗುವವರೆಗೂ ಅಲ್ಲೇ ಇರುತ್ತವೆ.

ಆದ್ದರಿಂದ ದೊಡ್ಡ ಸಂಸ್ಥೆಗಳಿಗೆ ರಿಯಾಯಿತಿಯನ್ನು ಈಗಲೇ ನಿಲ್ಲಿಸಬಹುದು. ಸಣ್ಣವರಿಗೆ ಅದನ್ನು ಮುಂದುವರಿಸಿ, ವಿಳಾಸ ಪಡೆದದ್ದಕ್ಕೆ ಬದಲಾಗಿ ಅದರ ಮೇಲೆ ನಿಜವಾಗಿ ಹರಿಯುವ ಟ್ರಾಫಿಕ್‌ಗೆ ಕಟ್ಟಬೇಕು. ಕೊನೆಯ ದಿನವನ್ನು ಮನೆಯ ರೂಟರ್ ಒಂದರ ಆಯುಷ್ಯದಷ್ಟಾದರೂ ಮುಂಚಿತವಾಗಿ ಸಾರಬೇಕು. ಸರ್ಕಾರಿ ಸೇವೆಗಳಲ್ಲಿ ಐಪಿವಿ4 ನಿಲ್ಲಿಸಲು ಜೆಕ್ ಗಣರಾಜ್ಯ ಗೊತ್ತುಮಾಡಿದ ದಿನ 2032ರ ಜೂನ್ 6; ಅದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ.