ಲಯನ್ಸ್ ಮೇನ್ ಅಣಬೆ: ನೆನಪಿನ ಶಕ್ತಿಯ ಕ್ಯಾಪ್ಸೂಲಿನೊಳಗೆ ಏನಿದೆ?

ಲಯನ್ಸ್ ಮೇನ್ ಅಣಬೆಗೆ ನಮಗೆ ಪರಿಚಿತವಾದ ಕೊಡೆಯ ಆಕಾರವಿಲ್ಲ. ಮರದ ಕಾಂಡದಿಂದ ಬಿಳಿಯ ಎಳೆಗಳು ಗೊಂಚಲಾಗಿ ಇಳಿಬಿದ್ದಿರುತ್ತವೆ. ಚೀನೀಯರು ಇದನ್ನು ಕೋತಿತಲೆ ಎನ್ನುತ್ತಾರೆ. ಜಪಾನೀಯರು ಬೆಟ್ಟದ ತಪಸ್ವಿಗಳ ಹೆಸರಿನಲ್ಲಿ ಯಮಬುಷಿತಾಕೆ ಎನ್ನುತ್ತಾರೆ. ಅಲ್ಲಿ ಅಡುಗೆಗೆ ಬಳಸುವ ಈ ಅಣಬೆ ಈಗ ನೆನಪಿನ ಶಕ್ತಿ ಹೆಚ್ಚಿಸುವ ಕ್ಯಾಪ್ಸೂಲಾಗಿ ನಮ್ಮ ಮನೆಗಳಿಗೂ ಬರುತ್ತಿದೆ.

ಈ ನಂಬಿಕೆ ಪೂರ್ತಿ ಬುಡವಿಲ್ಲದ್ದೇನಲ್ಲ. ನರಕೋಶಗಳು ಬೆಳೆಯಲು, ಉಳಿಯಲು ನೆರವಾಗುವ ಎನ್‌ಜಿಎಫ್ ಎಂಬ ಪ್ರೋಟೀನು ಗಾತ್ರದಲ್ಲಿ ದೊಡ್ಡದಾದ್ದರಿಂದ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಲಾರದು. 1991ರಲ್ಲಿ ಜಪಾನಿನ ಹಿರೋಕಾಜು ಕವಾಗಿಶಿ ಮತ್ತು ಸಂಗಡಿಗರು ಈ ಅಣಬೆಯಲ್ಲಿ ಹೆರಿಸಿನೋನ್ ಎಂಬ ಚಿಕ್ಕ ಅಣುಗಳನ್ನು ಗುರುತಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳು ಅವುಗಳ ಪ್ರಭಾವದಿಂದ ತಾವೇ ಎನ್‌ಜಿಎಫ್ ತಯಾರಿಸುವುದನ್ನು ತೋರಿಸಿದಾಗ ಆಸೆ ಚಿಗುರಿದ್ದು ಸಹಜ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು 2009ರ ಜಪಾನೀ ಅಧ್ಯಯನ. ಸೌಮ್ಯ ಮರೆವಿದ್ದ, 50ರಿಂದ 80 ವರ್ಷದ ಸುಮಾರು 30 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 3 ಗ್ರಾಂನಷ್ಟು ಅಣಬೆಪುಡಿಯ ಮಾತ್ರೆಗಳನ್ನು, ಉಳಿದವರಿಗೆ ಹುಸಿಮಾತ್ರೆಗಳನ್ನು 16 ವಾರ ಕೊಡಲಾಯಿತು. ಬುದ್ಧಿಶಕ್ತಿ ಅಳೆಯುವ ಪರೀಕ್ಷೆಯಲ್ಲಿ ಅಣಬೆ ತಿಂದವರ ಅಂಕಗಳು ಏರಿದವು. ಆದರೆ ನಿಲ್ಲಿಸಿದ 4 ವಾರಗಳಲ್ಲೇ ಇಳಿದವು. ಇಷ್ಟು ಸಣ್ಣ ಗುಂಪಿನ ಫಲಿತಾಂಶದ ಮೇಲೆ ಎಲ್ಲ ವಯಸ್ಸಿನವರಿಗೂ ಭರವಸೆ ಕೊಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಬ್ಬಿಯಲ್ಲಿರುವುದು ಅದೇ ಪುಡಿಯೇ ಎಂಬುದು ಇನ್ನೊಂದು ಪ್ರಶ್ನೆ. ಕೆಲವು ತಯಾರಕರು ಅಣಬೆಯ ಬದಲು, ಅಕ್ಕಿ ಅಥವಾ ಓಟ್ಸ್ ಮೇಲೆ ಹಬ್ಬಿಸಿದ ಶಿಲೀಂಧ್ರದ ಎಳೆಗಳನ್ನು ಕಾಳಿನ ಸಮೇತ ಒಣಗಿಸಿ ಪುಡಿಮಾಡುತ್ತಾರೆ. ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ನೀರಿನಲ್ಲಿ ಕದಡಿ, ಒಂದೆರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಿ: ಗಂಜಿಗೆ ಹಾಕಿದಂತೆ ಕಡುನೀಲಿಗೆ ತಿರುಗಿದರೆ ಅದರಲ್ಲಿ ಪಿಷ್ಟ ಸಾಕಷ್ಟಿದೆ ಎಂದರ್ಥ. ಲೇಬಲ್ಲಿನ ‘ಪಾಲಿಸ್ಯಾಕರೈಡ್’ (ಸಕ್ಕರೆ ಅಣುಗಳ ಉದ್ದ ಸರಪಳಿಗಳು) ಲೆಕ್ಕದಲ್ಲಿ ಈ ಪಿಷ್ಟವೂ ಸೇರಿಹೋಗುವುದರಿಂದ, ಅಣಬೆಯ ಕೋಶಗಳ ಗೋಡೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರಿನ ಪ್ರಮಾಣವನ್ನೇ ಹುಡುಕಬೇಕು.

ಚೆನ್ನಾಗಿ ಬೇಯಿಸಿದ ಲಯನ್ಸ್ ಮೇನ್ ಹೆಚ್ಚಿನವರಿಗೆ ನಿರಪಾಯಕಾರಿ ಆಹಾರ. ಕ್ಯಾಪ್ಸೂಲಿನಿಂದ ಕೆಲವರಿಗೆ ಹೊಟ್ಟೆ ಕೆಡುತ್ತದೆ, ಮೈ ತುರಿಸುತ್ತದೆ. ಅಣಬೆಯ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು. ಗರ್ಭಿಣಿಯರ ಮೇಲೆ ಸಾಕಷ್ಟು ಅಧ್ಯಯನಗಳು ನಡೆದಿಲ್ಲವಾದ್ದರಿಂದ ಅವರೂ ದೂರವಿರುವುದು ಒಳ್ಳೆಯದು.

ಮನೆಯ ಹಿರಿಯರಿಗೆ ಹೊಸದಾಗಿ ಮರೆವು ಕಾಣಿಸಿಕೊಂಡರೆ ಡಬ್ಬಿ ತರಿಸುವ ಮೊದಲು ವೈದ್ಯರಿಗೆ ತೋರಿಸಿ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇವೆರಡರ ಕೊರತೆಯಿಂದಲೂ ಮರೆವು ಬರುತ್ತದೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ.