ನಿಂತ ಹೊತ್ತನ್ನು ಸ್ಪೀಡಲ್ಲಿ ಕವರ್ ಮಾಡಬಹುದಾ?

ಪ್ರಶ್ನೆ: ಎರಡು ಊರಿನ ನಡುವೆ 150 ಕಿ.ಮೀ. ಇದೆ. ಮನೆಮಂದಿಯೆಲ್ಲ ಕಾರಲ್ಲಿ ಆರಾಮಾಗಿ, ಅಲ್ಲಲ್ಲಿ ನಿಂತು ನೋಡಿಕೊಂಡು ಹೋಗೋಣ ಅಂತಿದ್ದೇವೆ. ಮ್ಯಾಪ್ ಎರಡೂಮುಕ್ಕಾಲು ಗಂಟೆ ತೋರಿಸುತ್ತಿದೆ. ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ನಿಂತ ಹೊತ್ತನ್ನು ಹೈವೇಯಲ್ಲಿ ಸ್ವಲ್ಪ ಜೋರಾಗಿ ಓಡಿಸಿ ಕವರ್ ಮಾಡಿಕೊಳ್ಳಬಹುದಲ್ವಾ?

ಉತ್ತರ: ಐದೂವರೆ ಗಂಟೆ ಇಟ್ಟುಕೊಳ್ಳಿ. ಕವರ್ ಮಾಡಿಕೊಳ್ಳಲು ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೂ ಸುಖ, ನನಗೂ ಸುಖ. ಆದರೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ 120 ಕಿ.ಮೀ., ಒಮ್ಮೆ 180. ಒಮ್ಮೆ ಮಕ್ಕಳ ಜೊತೆ, ಒಮ್ಮೆ ವಯಸ್ಸಾದವರ ಜೊತೆ. ಕೊನೆಯ ಆ 'ಕವರ್' ಮಾತ್ರ ಯಾರೂ ಬಿಡುವುದಿಲ್ಲ. ಹಾಗಾಗಿ ಈ ಸಲ ಲೆಕ್ಕವನ್ನು ಪೂರ್ತಿ ಬಿಡಿಸಿಯೇ ಇಡುತ್ತೇನೆ.

ಮೊದಲು ಐದೂವರೆ ಎಲ್ಲಿಂದ ಬಂತು ಅಂತ ಹೇಳಿ ಮುಗಿಸುತ್ತೇನೆ. ಮ್ಯಾಪ್ ಹೇಳುವುದು ಚಕ್ರ ತಿರುಗುವ ಹೊತ್ತನ್ನು ಮಾತ್ರ. ದಾರಿಯ ಟ್ರಾಫಿಕ್ಕು ಅದಕ್ಕೆ ಗೊತ್ತು, ಹಿಂದಿನ ಸೀಟಿನ ಕೆಳಗೆ ಸೇರಿಕೊಂಡ ಚಪ್ಪಲಿ ಗೊತ್ತಿಲ್ಲ. ಆರಾಮಿನ ಪ್ರಯಾಣ ಅಂದರೆ ನಾನು ಮ್ಯಾಪಿನ ಹೊತ್ತಿಗೆ ಎರಡರಿಂದ ಗುಣಿಸುತ್ತೇನೆ. ಮೂರು ಕಡೆ ನಿಲ್ಲುತ್ತೇನೆ, ನಾಲ್ಕನೆಯದಕ್ಕೆ ಆಸೆ ಪಡುವುದಿಲ್ಲ.

'ಹತ್ತೇ ನಿಮಿಷ ನಿಲ್ಲೋಣ' ಅನ್ನುವುದನ್ನು ಒಂದು ಸಲ ಗಡಿಯಾರ ಹಿಡಿದು ನೋಡಿದ್ದೆ. ಕೆರೆ ಕಂಡಿತು, ಕಾರು ನಿಲ್ಲಿಸಲು ಸರಿಯಾದ ಜಾಗ ಸಿಗಲಿಲ್ಲ, ಮುಂದೆ ಹೋಗಿ ತಿರುಗಿಸಿಕೊಂಡು ಬಂದೆವು. ಆರು ನಿಮಿಷ. ಇಳಿಯುವ ಹೊತ್ತಿಗೆ ಒಂದು ಚಪ್ಪಲಿ ಇಲ್ಲ. ಏರಿಯ ಮೇಲೆ ಹೋಗಿ ಬರಲು ಹನ್ನೆರಡು. ಎಲ್ಲರ ಫೋಟೋ ಆಯಿತು, ತೆಗೆದವನ ಫೋಟೋ ಆಗಲಿಲ್ಲ, ಮತ್ತೆ ನಿಂತೆವು. ಎಲ್ಲರೂ ಹತ್ತಿ ಬಾಗಿಲು ಹಾಕಿದ ಮೇಲೆ ಕಿರಿಯವನಿಗೆ ಮೂತ್ರ ಬಂತು. ಹೊರಟಾಗ 34 ನಿಮಿಷ. ಯಾರ ತಪ್ಪೂ ಇಲ್ಲ ಅದರಲ್ಲಿ. ಹತ್ತು ನಿಮಿಷ ಅಂದಿದ್ದೇ ತಪ್ಪು.

ಈಗ ಆ 'ಕವರ್' ವಿಷಯ. ಸುಮ್ನೆ ಒಂದು ಲೆಕ್ಕ ಕೊಡುತ್ತೇನೆ, ಮುಂದೆ ಓದುವ ಮೊದಲು ಉತ್ತರ ಹೇಳಿಕೊಳ್ಳಿ. 120 ಕಿ.ಮೀ. ದಾರಿಯನ್ನು ಗಂಟೆಗೆ ಸರಾಸರಿ 80 ಕಿ.ಮೀ. ವೇಗದಲ್ಲಿ ಮುಗಿಸಬೇಕು. ಮೊದಲ 60 ಕಿ.ಮೀ. ನಿಂತು ನಿಂತು ಹೋಗಿ ಸರಾಸರಿ 40 ಬಿತ್ತು. ಉಳಿದ 60 ಕಿ.ಮೀ.ಯನ್ನು ಎಷ್ಟು ವೇಗದಲ್ಲಿ ಓಡಿಸಿದರೆ ಒಟ್ಟು ಸರಾಸರಿ 80 ಆಗುತ್ತದೆ?

120 ಅಂದಿರಿ ಅಲ್ವಾ? ಎಲ್ಲರೂ ಅದನ್ನೇ ಹೇಳುತ್ತಾರೆ. 40ಕ್ಕೆ 120 ಕೂಡಿಸಿ ಎರಡರಿಂದ ಭಾಗಿಸಿದರೆ 80 ಬರುತ್ತದೆ, ಶಾಲೆಯಲ್ಲಿ ಹೀಗೇ ಕಲಿತಿದ್ದೇವೆ. ಆದರೆ ಗಡಿಯಾರ ನೋಡಿ. 120 ಕಿ.ಮೀ.ಗೆ ಸರಾಸರಿ 80 ಅಂದರೆ ನಿಮ್ಮ ಕೈಯಲ್ಲಿ ಇದ್ದದ್ದೇ ಒಂದೂವರೆ ಗಂಟೆ. 60 ಕಿ.ಮೀ.ಯನ್ನು 40ರಲ್ಲಿ ಹೋದಾಗ ಎಷ್ಟು ಖರ್ಚಾಯಿತು? ಒಂದೂವರೆ ಗಂಟೆ. ಪೂರ್ತಿ ಮುಗಿಯಿತು. ಉಳಿದ ಅರ್ಧ ದಾರಿಯನ್ನು ಸೊನ್ನೆ ನಿಮಿಷದಲ್ಲಿ ಮುಗಿಸಬೇಕು. ರಾಕೆಟ್ ತಂದರೂ ತಡವೇ. ಒಮ್ಮೆ ಇದನ್ನು ಒಪ್ಪದ ಸ್ನೇಹಿತನೊಬ್ಬ ಧೂಳು ಕೂತ ಬಾನೆಟ್ಟಿನ ಮೇಲೆ ಬೆರಳಲ್ಲಿ ಲೆಕ್ಕ ಹಾಕತೊಡಗಿದ. ಬಾನೆಟ್ ಅರ್ಧ ಸ್ವಚ್ಛ ಆಗುವ ತನಕ ವಾದ ಮಾಡಿ, ಕೊನೆಗೆ ಕೈ ಒರೆಸಿಕೊಂಡು ಸುಮ್ಮನೆ ಸ್ಟೇರಿಂಗ್ ಹಿಂದೆ ಕೂತ. ಆ ದಿನ ನನಗೆ ಆದ ಖುಷಿ ಸಣ್ಣದಲ್ಲ.

ಮೋಸ ಇರುವುದು ಸ್ಪೀಡೋಮೀಟರಿನಲ್ಲಿ. ಅದು ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ತೋರಿಸುತ್ತದೆ. ನಿಮಗೆ ಬೇಕಾಗಿರುವುದು ಕಿಲೋಮೀಟರಿಗೆ ಎಷ್ಟು ಹೊತ್ತು ಅನ್ನುವುದು. ತಿರುಗಿಸಿ ನೋಡಿ. ಗಂಟೆಗೆ 20ರಲ್ಲಿ ಹೋದರೆ ಒಂದು ಕಿ.ಮೀ.ಗೆ ಮೂರು ನಿಮಿಷ. 30ರಲ್ಲಿ ಎರಡು ನಿಮಿಷ. 60ರಲ್ಲಿ ಒಂದು ನಿಮಿಷ. 80ರಲ್ಲಿ 45 ಸೆಕೆಂಡು, 100ರಲ್ಲಿ 36, 120ರಲ್ಲಿ 30. ಮುಳ್ಳು 20ರಿಂದ 30ಕ್ಕೆ ಬಂದಾಗ ಪ್ರತಿ ಕಿ.ಮೀ.ಗೆ ಒಂದಿಡೀ ನಿಮಿಷ ಉಳಿಯಿತು. 100ರಿಂದ 120ಕ್ಕೆ ಏರಿದಾಗ ಉಳಿದದ್ದು ಆರು ಸೆಕೆಂಡು. ಮುಳ್ಳು ಸರಿದ ದೂರ ಎರಡನೇ ಸಲವೇ ಜಾಸ್ತಿ, ಎದೆ ಡವಗುಟ್ಟಿದ್ದೂ ಆಗಲೇ. ಅದಕ್ಕೇ ನಾವು ಏನೋ ದೊಡ್ಡದು ಗಳಿಸಿದೆವು ಅಂದುಕೊಳ್ಳುತ್ತೇವೆ. ಇದು ನಿಮ್ಮೊಬ್ಬರ ತಪ್ಪಲ್ಲ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಓಲಾ ಸ್ವೆನ್ಸನ್ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಮೊದಲೇ ಜೋರಾಗಿ ಹೋಗುತ್ತಿರುವಾಗ ಇನ್ನಷ್ಟು ಜೋರು ಮಾಡಿದರೆ ಉಳಿಯುವ ಹೊತ್ತನ್ನು ಜನ ಹೆಚ್ಚಾಗಿ ಅಂದಾಜು ಮಾಡುತ್ತಾರೆ, ನಿಧಾನದಲ್ಲಿದ್ದಾಗ ಸ್ವಲ್ಪ ಏರಿಸಿದರೆ ಉಳಿಯುವುದನ್ನು ಕಡಿಮೆ ಅಂದಾಜು ಮಾಡುತ್ತಾರೆ.

ನಿಮ್ಮ 150 ಕಿ.ಮೀ.ಗೇ ಹಾಕಿ ನೋಡೋಣ. ಊರಿಂದ ಹೊರಬೀಳಲು 15, ಆ ಕಡೆ ಊರೊಳಗೆ ಹೋಗಲು 15, ನಡುವೆ 120 ಕಿ.ಮೀ. ಹೈವೇ. ಊರೊಳಗೆ ಗಂಟೆಗೆ 25ರ ಸರಾಸರಿ ಅಂದುಕೊಂಡರೆ ಎರಡೂ ತುದಿ ಸೇರಿ 72 ನಿಮಿಷ. ಹೈವೇಯಲ್ಲಿ 80ರಲ್ಲಿ ಹೋದರೆ 90 ನಿಮಿಷ. ಒಟ್ಟು 2 ಗಂಟೆ 42 ನಿಮಿಷ, ನಿಮ್ಮ ಮ್ಯಾಪ್ ಹೇಳಿದ್ದೂ ಇದನ್ನೇ. ಈಗ ಹೈವೇ ಉದ್ದಕ್ಕೂ 120ರಲ್ಲಿ ಓಡಿಸಿದಿರಿ ಅನ್ನಿ. ಅಷ್ಟಕ್ಕೆ ಅನುಮತಿ ಇಲ್ಲದ ರಸ್ತೆಗಳೇ ಜಾಸ್ತಿ, ಆ ಮಾತು ಬಿಡಿ. ಒಂದು ಲಾರಿಯೂ ಅಡ್ಡ ಬರಲಿಲ್ಲ, ಟೋಲ್ ಕೂಡ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಉಳಿದದ್ದು ಅರ್ಧ ಗಂಟೆ. ಅಂದರೆ ಕೆರೆ ಹತ್ತಿರ ನಾವು ನಿಂತೆವಲ್ಲ, ಅಂಥ ಒಂದು ಸ್ಟಾಪಿಗೂ ಸಾಲುವುದಿಲ್ಲ. ಅದಕ್ಕೆ ಬದಲಾಗಿ ಗಾಳಿಯ ತಡೆ ಎರಡೂಕಾಲು ಪಟ್ಟು ಆಯಿತು, ಇಂಧನ ಆ ಕಡೆ ಹೋಯಿತು. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಎರಡೂಕಾಲು ಪಟ್ಟು. ಎರಡೂ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತವೆ. ಕಿಟಕಿಯಾಚೆ ಏನಿತ್ತು ಅಂತ ಯಾರಿಗೂ ನೆನಪಿಲ್ಲ.

ನಂಬಿಕೆ ಬರದಿದ್ದರೆ ಹಾರನ್ ಹೊಡೆದು ನಿಮ್ಮನ್ನು ಹಿಂದೆ ಹಾಕಿ ಹೋಗುವ ಕಾರಿನ ಬಣ್ಣ ನೆನಪಿಟ್ಟುಕೊಳ್ಳಿ. ಹೋದ ಸಲ ನಮ್ಮನ್ನು ದಾಟಿ ಹೋದ ಕೆಂಪು ಕಾರೊಂದು ರೈಲ್ವೆ ಗೇಟಿನಲ್ಲಿ ನಮಗಿಂತ ಎರಡು ಗಾಡಿ ಮುಂದಿತ್ತು. ಊರು ಹೊಕ್ಕ ಮೇಲೆ ಮೊದಲ ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿದ್ದ ಹುಡುಗಿ ಹಳೇ ಪರಿಚಯದವರ ಹಾಗೆ ಕೈ ಬೀಸಿದಳು. ಅವಳಪ್ಪ ಮಾತ್ರ ನಮ್ಮ ಕಡೆ ನೋಡಲಿಲ್ಲ.

ಹಾಗಾದರೆ ಹೊತ್ತು ಉಳಿಸುವುದು ಎಲ್ಲಿ? ಆ ನಿಧಾನದ ತುದಿಗಳಲ್ಲಿ. ಕೆಲಸಕ್ಕೆ ಹೋಗುವವರ ಜೊತೆ ಒಂಬತ್ತಕ್ಕೆ ಹೊರಟು 15ರ ಸರಾಸರಿಯಲ್ಲಿ ತೆವಳಿದರೆ ಊರು ದಾಟಲು ಒಂದು ಗಂಟೆ. ಆರಕ್ಕೆ ಹೊರಟು 30ರ ಸರಾಸರಿ ಸಿಕ್ಕರೆ ಅರ್ಧ ಗಂಟೆ. ನೋಡಿ, ಹೈವೇಯಲ್ಲಿ ಜೀವ ಕೈಯಲ್ಲಿ ಹಿಡಿದು ಗಳಿಸಿದ ಅದೇ ಅರ್ಧ ಗಂಟೆ ಇಲ್ಲಿ ಅಲಾರಂ ಇಟ್ಟಿದ್ದಕ್ಕೇ ಸಿಕ್ಕಿತು. ಆರಕ್ಕೆ ಹೊರಟರೆ ಐದೂವರೆ ಗಂಟೆ ಅಂದರೆ ಹನ್ನೊಂದೂವರೆ. ಆ ಕಡೆ ಊರಿನ ಬೆಳಗಿನ ಗಲಾಟೆಯೂ ಅಷ್ಟರಲ್ಲಿ ಇಳಿದಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ತೂಕಡಿಕೆಯ ಹೊತ್ತಿಗೆ ನೀವು ಸ್ಟೇರಿಂಗ್ ಹಿಂದೆ ಇರುವುದೂ ಇಲ್ಲ. ಆ ಹೊತ್ತಿಗೆ ಮೈ ತಾನಾಗೇ ಜಗ್ಗುತ್ತದೆ, ಊಟ ಮಾಡದಿದ್ದರೂ ಅಷ್ಟೇ.

ಉಳಿದ ಅರ್ಧ ಗಂಟೆಯನ್ನು ಏನು ಮಾಡಬೇಕು ಅಂದರೆ, ನನ್ನ ಮಾತು ಕೇಳಿ, ಹಳೇ ರಸ್ತೆಗೆ ಹಾಕಿ. 120 ಕಿ.ಮೀ.ಯಲ್ಲಿ 40 ಕಿ.ಮೀ. ಮಾತ್ರ ಹೈವೇ ಬಿಟ್ಟು ಹಳೇ ದಾರಿಯಲ್ಲಿ 40ರ ವೇಗದಲ್ಲಿ ಹೋದರೆ ಒಂದು ಗಂಟೆ ಆಗುತ್ತದೆ. ಹೈವೇಯಲ್ಲಾದರೆ ಅರ್ಧ ಗಂಟೆ. ಲೆಕ್ಕ ಸರಿಹೋಯಿತು. ಹೈವೇ ಊರುಗಳ ಹೊರಗಿಂದ ಸುತ್ತಿಕೊಂಡು ಹೋಗುತ್ತದೆ, ಹಳೇ ರಸ್ತೆ ಊರೊಳಗೇ ಹೋಗುತ್ತದೆ. ಮರದ ಕೆಳಗೆ ಕಾರು ನಿಲ್ಲಿಸಬಹುದು. ಎಕ್ಸ್‌ಪ್ರೆಸ್‌ವೇ ಬದಿಯಲ್ಲಿ ಫೋಟೋಗೆ ಅಂತ ನಿಲ್ಲಿಸುವುದು ಅಪಾಯ, ಹೆಚ್ಚಿನ ದೇಶಗಳಲ್ಲಿ ತಪ್ಪು ಕೂಡ. ಹಳೇ ರಸ್ತೆಯನ್ನು ಹೋಗುವಾಗಲೇ ಇಟ್ಟುಕೊಳ್ಳಿ. ಬರುವಾಗ ಯಾರಿಗೂ ಮರ ಬೇಡ, ಮನೆ ಬೇಕು.

ಟೈರ್ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ. ಇಷ್ಟು ದೂರಕ್ಕೆ ಇದಕ್ಕಿಂತ ದೊಡ್ಡ ತಯಾರಿ ಬೇಕಿಲ್ಲ.

ಬರುವಾಗ ಅಂದೆನಲ್ಲ, ಒಂದು ವಿಷಯ ನೆನಪಾಯಿತು. ಹೋಗುವಾಗ ಉದ್ದ ಅನ್ನಿಸಿದ ದಾರಿ ಬರುವಾಗ ಬೇಗ ಮುಗಿದ ಹಾಗೆ ಯಾಕೆ ಅನ್ನಿಸುತ್ತದೆ? ದಾರಿ ಪರಿಚಯ ಆಗಿರುತ್ತದೆ, ಅದಕ್ಕೇ ಅಂತ ನಾನೂ ಬಹಳ ದಿನ ನಂಬಿದ್ದೆ. ನೆದರ್ಲೆಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದ ನೀಲ್ಸ್ ವಾನ್ ಡೆ ವೆನ್ ಮತ್ತು ಜೊತೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೈಕಲ್ಲಿನಲ್ಲಿ ಹೋದವರಲ್ಲಿ ಕೆಲವರನ್ನು ಅಷ್ಟೇ ದೂರದ ಬೇರೆ ದಾರಿಯಲ್ಲಿ ವಾಪಸ್ ಕಳಿಸಿ ನೋಡಿದರು. ದಾರಿ ಹೊಸದಾದರೂ ವಾಪಸ್ ಬಂದದ್ದು ಚಿಕ್ಕದು ಅಂತಲೇ ಅನ್ನಿಸಿತು. ಅವರು ಕೊಡುವ ಕಾರಣ ಬೇರೆ. ಹೋಗುವಾಗ ನಾವು ಹೊತ್ತನ್ನು ಕಡಿಮೆ ಅಂದಾಜು ಮಾಡಿರುತ್ತೇವೆ, ಹಾಗಾಗಿ ಉದ್ದ ಅನ್ನಿಸುತ್ತದೆ. ಪೆಟ್ಟು ತಿಂದು ಬರುವಾಗ ಜಾಸ್ತಿ ಅಂದಾಜು ಮಾಡುತ್ತೇವೆ, ಆಗ ಬೇಗ ಮುಗಿದ ಹಾಗಾಗುತ್ತದೆ.

ಇದನ್ನು ಓದಿದ ಮೇಲೆ ಗಮನಿಸಿದೆ. ಐದೂವರೆ ಗಂಟೆ ಅಂತ ಮೊದಲೇ ಹೇಳಿ ಹೊರಟ ಸಲ, ವಾಪಸ್ ಬಂದು ಕಾರಿಂದ ಇಳಿಯುವಾಗ ಮನೆಯಲ್ಲಿ ಯಾರೂ "ಅರೆ, ಇಷ್ಟು ಬೇಗ ಬಂದ್ವಾ?" ಅನ್ನಲಿಲ್ಲ.